ಎಐ ಅಸಿಸ್ಟೆಂಟ್‌ಗಳಿಗಾಗಿ ರಸ್ಟ್‌ನಲ್ಲಿ ಟೂಲ್ ಸರ್ವರ್ ಕಟ್ಟುವ ಕ್ರಮ

ಭಾಷಾ ಮಾದರಿಯೊಂದು ಎಷ್ಟೇ ಚೆನ್ನಾಗಿ ಬರೆಯಬಲ್ಲುದಾದರೂ ನಿಮ್ಮ ಡಿಸ್ಕಿನಲ್ಲಿರುವ ಕಡತವನ್ನು ತಾನೇ ತೆರೆಯಲಾರದು, ನಿಮ್ಮ ಡೇಟಾಬೇಸಿಗೆ ತಾನೇ ಪ್ರಶ್ನೆ ಕಳುಹಿಸಲಾರದು. ಇಂಥ ಹೆಸರಿನ ಟೂಲನ್ನು ಇಂಥ ಆರ್ಗ್ಯುಮೆಂಟುಗಳೊಡನೆ ಕರೆಯಬೇಕೆಂದು ಕೇಳಿಕೊಳ್ಳುವುದಷ್ಟೇ ಅದರ ಕೈಯಲ್ಲಿರುವುದು. ಆ ಕೋರಿಕೆಯನ್ನು ತೆಗೆದುಕೊಂಡು, ಕೆಲಸ ಮಾಡಿ, ಫಲಿತಾಂಶವನ್ನು ಹಿಂದಿರುಗಿಸುವ ಪ್ರೋಗ್ರಾಮನ್ನು ಟೂಲ್ ಸರ್ವರ್ ಎನ್ನುತ್ತೇವೆ. ಅಂಥ ಸರ್ವರೊಂದನ್ನು ರಸ್ಟ್ ಭಾಷೆಯಲ್ಲಿ ಕಟ್ಟುವ ಕ್ರಮವನ್ನೂ, ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡದಿದ್ದಾಗಲೂ ಸರ್ವರ್ ಕೆಡುವ ಜಾಗಗಳನ್ನೂ ಇಲ್ಲಿ ವಿವರಿಸುತ್ತೇನೆ. ಸ್ಟ್ರಕ್ಟ್, ಈನಮ್, ರಿಸಲ್ಟ್ ಇವುಗಳ ಪರಿಚಯ ಓದುಗರಿಗೆ ಇದೆ ಎಂದು ಭಾವಿಸಿದ್ದೇನೆ. ಉದಾಹರಣೆಯಾಗಿ ಒಂದು ಚಿಕ್ಕ ಸರ್ವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ: ಒಂದು ಫೋಲ್ಡರಿನಲ್ಲಿರುವ ಟಿಪ್ಪಣಿ ಕಡತಗಳಲ್ಲಿ ಪದ ಹುಡುಕುವುದು ಅದರ ಮೊದಲ ಟೂಲ್, ಸಿಕ್ಕಿದ ಟಿಪ್ಪಣಿಯನ್ನು ಓದಿಕೊಡುವುದು ಎರಡನೆಯ ಟೂಲ್.

ಇಂಥ ಸರ್ವರುಗಳಿಗೂ ಅಸಿಸ್ಟೆಂಟ್‌ಗಳಿಗೂ ನಡುವೆ ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಒಪ್ಪಂದವೆಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಚಿಕ್ಕದಾಗಿ ಎಂಸಿಪಿ. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಸಂಸ್ಥೆ ಇದನ್ನು ಮುಕ್ತ ಮಾನದಂಡವಾಗಿ ಪ್ರಕಟಿಸಿತು. ಒಮ್ಮೆ ಬರೆದ ಸರ್ವರ್ ಈ ಪ್ರೋಟೋಕಾಲನ್ನು ಬಲ್ಲ ಯಾವ ಕ್ಲೈಂಟಿನೊಡನೆಯೂ (ಅಸಿಸ್ಟೆಂಟನ್ನು ಓಡಿಸುವ ಪ್ರೋಗ್ರಾಮಿಗೆ ಕ್ಲೈಂಟ್ ಎನ್ನುತ್ತಾರೆ) ಮಾತನಾಡಬಲ್ಲುದು ಎಂಬುದೇ ಅದರ ಪ್ರಯೋಜನ. ಅದರ ಆವೃತ್ತಿಗಳಿಗೆ ದಿನಾಂಕಗಳನ್ನೇ ಹೆಸರಾಗಿ ಇಟ್ಟಿದ್ದಾರೆ: 2024-11-05, 2025-03-26, 2025-06-18, 2025-11-25. ಈ ದಿನಾಂಕಗಳು ಕೋಡಿನಲ್ಲಿಯೂ ಹಾಗೆಯೇ ಸ್ಟ್ರಿಂಗುಗಳಾಗಿ ಬರುತ್ತವೆ.

ರಸ್ಟ್ ಏಕೆ ಎಂಬ ಪ್ರಶ್ನೆಗೆ ಹಲವರು ವೇಗವನ್ನು ಉತ್ತರವಾಗಿ ಕೊಡುತ್ತಾರೆ. ನನಗೆ ಅದು ಸರಿಯಾದ ಉತ್ತರವೆನಿಸುವುದಿಲ್ಲ, ಏಕೆಂದರೆ ಬಹುಪಾಲು ಟೂಲ್ ಸರ್ವರುಗಳು ಡಿಸ್ಕಿಗೋ ನೆಟ್‌ವರ್ಕಿಗೋ ಕಾಯುತ್ತಲೇ ತಮ್ಮ ಕಾಲವನ್ನು ಕಳೆಯುತ್ತವೆ, ಮತ್ತು ಆ ಕಾಯುವಿಕೆಯನ್ನು ಯಾವ ಭಾಷೆಯೂ ಕಡಿಮೆ ಮಾಡಲಾರದು. ನಿಜವಾದ ಕಾರಣಗಳು ಬೇರೆ. ಬಳಕೆದಾರನ ಯಂತ್ರದಲ್ಲಿ ಇನ್ನಾವ ರನ್‌ಟೈಮೂ ಇಲ್ಲದೆ ಓಡುವ ಒಂದೇ ಬೈನರಿ ಸಿಗುತ್ತದೆ. ಕ್ಲೈಂಟ್ ಪ್ರತಿ ಬಾರಿ ಆರಂಭವಾದಾಗಲೂ ಹೊಸದಾಗಿ ಹುಟ್ಟುವ ಈ ಪ್ರೋಗ್ರಾಮುಗಳು ಬೇಗ ಏಳಬೇಕು, ಕಡಿಮೆ ಮೆಮೊರಿ ತಿನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಟೂಲಿನ ಇನ್‌ಪುಟ್ ಹೇಗಿರಬೇಕು ಎಂಬುದನ್ನು ಒಂದು ಸ್ಟ್ರಕ್ಟಿನಲ್ಲಿ ಒಮ್ಮೆ ಬರೆದರೆ, ಮಾದರಿಗೆ ತೋರಿಸುವ ಸ್ಕೀಮಾವೂ (ಇನ್‌ಪುಟ್ಟಿನ ರೂಪದ ವಿವರ) ಒಳಬರುವ ಡೇಟಾದ ಪರೀಕ್ಷೆಯೂ ಅದೇ ಸ್ಟ್ರಕ್ಟಿನಿಂದ ಹುಟ್ಟುತ್ತವೆ. ಅವೆರಡರ ನಡುವೆ ಹೊಂದಾಣಿಕೆ ತಪ್ಪುವ ಅವಕಾಶ ಬಹಳ ಕಡಿಮೆಯಾಗುತ್ತದೆ.

ತಂತಿಯ ಮೇಲೆ ಏನು ಹರಿಯುತ್ತದೆ

ಲೈಬ್ರರಿಯನ್ನು ಮುಟ್ಟುವ ಮೊದಲು ಪ್ರೋಟೋಕಾಲನ್ನು ಒಮ್ಮೆ ಕೈಯಿಂದ ಬರೆದು ನೋಡಬೇಕೆಂದು ನಾನು ಬಲವಾಗಿ ಸಲಹೆ ಕೊಡುತ್ತೇನೆ. ಇದು ಒಂದು ಸಂಜೆಯ ಕೆಲಸ, ಆದರೆ ಮುಂದೆ ಏನಾದರೂ ಕೆಟ್ಟಾಗ ಎಲ್ಲಿ ನೋಡಬೇಕೆಂಬುದು ಆ ಸಂಜೆಯಿಂದಲೇ ತಿಳಿಯುತ್ತದೆ.

ಸಂದೇಶಗಳೆಲ್ಲವೂ ಕೋರಿಕೆ ಮತ್ತು ಉತ್ತರಗಳನ್ನು ಜೇಸನ್ ಪಠ್ಯವಾಗಿ ಬರೆಯುವ ಜೇಸನ್-ಆರ್‌ಪಿಸಿ 2.0 ಎಂಬ ರೂಪದಲ್ಲಿರುತ್ತವೆ. ಸ್ಥಳೀಯ ಸರ್ವರನ್ನು ಕ್ಲೈಂಟೇ ಒಂದು ಚೈಲ್ಡ್ ಪ್ರೋಸೆಸ್ ಆಗಿ ಆರಂಭಿಸುತ್ತದೆ. ಅದರ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಒಂದು ಸಾಲಿಗೆ ಒಂದರಂತೆ ಸಂದೇಶಗಳನ್ನು ಬರೆಯುತ್ತದೆ, ಅದರ ಸ್ಟ್ಯಾಂಡರ್ಡ್ ಔಟ್‌ಪುಟ್‌ನಿಂದ ಒಂದು ಸಾಲಿಗೆ ಒಂದರಂತೆ ಉತ್ತರಗಳನ್ನು ಓದುತ್ತದೆ. ಸಂದೇಶದ ಒಳಗೆ ಹೊಸ ಸಾಲು ಬರಕೂಡದು. ಜೇಸನ್ ಓದಿ ಬರೆಯುವ ಸರ್ಡಿ-ಜೇಸನ್ ಕ್ರೇಟಿನ (ಕ್ರೇಟ್ ಎಂದರೆ ರಸ್ಟ್‌ನ ಲೈಬ್ರರಿ ಪ್ಯಾಕೇಜ್) ಸಾಧಾರಣ ಟು-ಸ್ಟ್ರಿಂಗ್ ಫಂಕ್ಷನ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯುತ್ತದೆ, ಪಠ್ಯದೊಳಗಿನ ಹೊಸ ಸಾಲುಗಳನ್ನು ಎಸ್ಕೇಪ್ ಮಾಡುತ್ತದೆ. ಆದ್ದರಿಂದ ಅದನ್ನು ಬಳಸಿದರೆ ಸಾಕು. ಓದಲು ಅಂದವಾಗಿರಲೆಂದು 'ಪ್ರಿಟಿ' ರೂಪವನ್ನು ಬಳಸಿದಿರೋ, ಒಂದು ಸಂದೇಶ ಹತ್ತು ತುಂಡುಗಳಾಗಿ ಕ್ಲೈಂಟಿಗೆ ಅರ್ಥವಾಗದಂತೆ ಆಗುತ್ತದೆ.

ಮಾತುಕತೆಯ ಕ್ರಮ ಹೀಗೆ. ಕ್ಲೈಂಟ್ ಮೊದಲು 'ಇನಿಷಿಯಲೈಸ್' ಎಂಬ ಕೋರಿಕೆಯನ್ನು ಕಳುಹಿಸುತ್ತದೆ. ಅದರಲ್ಲಿ ತನಗೆ ಬೇಕಾದ ಪ್ರೋಟೋಕಾಲ್ ಆವೃತ್ತಿಯ ದಿನಾಂಕ, ತನ್ನ ಸಾಮರ್ಥ್ಯಗಳು, ತನ್ನ ಹೆಸರು ಇರುತ್ತವೆ. ಆ ಆವೃತ್ತಿ ಸರ್ವರಿಗೆ ಗೊತ್ತಿದ್ದರೆ ಅದನ್ನೇ ಮರಳಿ ಹೇಳಬೇಕು, ಗೊತ್ತಿಲ್ಲದಿದ್ದರೆ ತನಗೆ ಗೊತ್ತಿರುವ ಇನ್ನೊಂದನ್ನು ಹೇಳಬೇಕು. ಒಪ್ಪಿಗೆಯಾಗದಿದ್ದರೆ ಸಂಪರ್ಕ ಕಡಿದುಕೊಳ್ಳುವುದು ಕ್ಲೈಂಟಿಗೆ ಸೇರಿದ್ದು. ಅನಂತರ ಕ್ಲೈಂಟ್ 'ಇನಿಷಿಯಲೈಸ್ಡ್' ಎಂಬ ನೋಟಿಫಿಕೇಶನ್ ಕಳುಹಿಸುತ್ತದೆ. ಅಲ್ಲಿಂದ ಮುಂದೆ 'ಟೂಲ್ಸ್/ಲಿಸ್ಟ್' ಎಂದು ಕೇಳಿದಾಗ ನಿಮ್ಮ ಟೂಲುಗಳ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ ಇವನ್ನು ಕೊಡಬೇಕು. 'ಟೂಲ್ಸ್/ಕಾಲ್' ಎಂದಾಗ ಕೆಲಸ ಮಾಡಿ ಫಲಿತಾಂಶ ಕೊಡಬೇಕು. 'ಪಿಂಗ್' ಎಂದಾಗ ಖಾಲಿ ಫಲಿತಾಂಶ ಕೊಡಬೇಕು. ರಿಸೋರ್ಸ್, ಪ್ರಾಂಪ್ಟ್ ಎಂಬ ಬೇರೆ ಸೌಲಭ್ಯಗಳೂ ಪ್ರೋಟೋಕಾಲಿನಲ್ಲಿವೆ, ಆದರೆ ನಿಮ್ಮ ಮೊದಲ ಸರ್ವರಿಗೆ ಇಷ್ಟು ಸಾಕು.

ರಸ್ಟ್‌ನಲ್ಲಿ ಇದನ್ನು ಬರೆಯಲು ಕೋರಿಕೆಗೆ ಒಂದು ಸ್ಟ್ರಕ್ಟ್ ಮಾಡಿ: ಮೆಥಡ್ ಒಂದು ಸ್ಟ್ರಿಂಗ್, ಪ್ಯಾರಾಮ್ಸ್ ಇದ್ದರೂ ಇರಬಹುದಾದ ಜೇಸನ್ ವ್ಯಾಲ್ಯೂ, ಕೋರಿಕೆಯನ್ನು ಗುರುತಿಸುವ ಐಡಿಯೂ ಹಾಗೆಯೇ ಆಪ್ಷನ್ ಒಳಗಿನ ಜೇಸನ್ ವ್ಯಾಲ್ಯೂ. ಐಡಿಯನ್ನು ಪೂರ್ಣಾಂಕವೆಂದು ಬರೆಯಬೇಡಿ, ಏಕೆಂದರೆ ಅದು ಸ್ಟ್ರಿಂಗ್ ಕೂಡ ಆಗಬಹುದು, ಮತ್ತು ಸರ್ವರ್ ಅದನ್ನು ಬಂದ ಹಾಗೆಯೇ ಹಿಂದಿರುಗಿಸಬೇಕು. ಐಡಿ ಇಲ್ಲದ ಸಂದೇಶವೆಂದರೆ ನೋಟಿಫಿಕೇಶನ್. ಅದಕ್ಕೆ ಉತ್ತರವನ್ನೇ ಕೊಡಬಾರದು, ತಪ್ಪಿನ ಉತ್ತರವನ್ನೂ ಕೊಡಬಾರದು. ಗೊತ್ತಿಲ್ಲದ ಮೆಥಡ್ ಬಂದಾಗ ಐಡಿ ಇದ್ದರೆ -32601 ಎಂಬ ಸಂಖ್ಯೆಯ ತಪ್ಪನ್ನು ಕಳುಹಿಸಿ, ಇಲ್ಲದಿದ್ದರೆ ಸುಮ್ಮನಿರಿ. ಉತ್ತರದ ಸ್ಟ್ರಕ್ಟಿನಲ್ಲಿ ಖಾಲಿಯಿರುವ ಆಪ್ಷನ್ ಫೀಲ್ಡುಗಳನ್ನು ಸರ್ಡಿ 'ನಲ್' ಎಂದು ಬರೆಯುತ್ತದೆ. ಫೀಲ್ಡ್ ಇಲ್ಲದಿರುವುದಕ್ಕೂ ಅದರಲ್ಲಿ ನಲ್ ಇರುವುದಕ್ಕೂ ವ್ಯತ್ಯಾಸ ಮಾಡುವ ಕ್ಲೈಂಟುಗಳಿವೆ, ಆದ್ದರಿಂದ ಅಂಥ ಪ್ರತಿಯೊಂದು ಫೀಲ್ಡಿಗೂ 'ಸ್ಕಿಪ್ ಸೀರಿಯಲೈಸಿಂಗ್ ಇಫ್' ಎಂಬ ಆಟ್ರಿಬ್ಯೂಟನ್ನು ಸೇರಿಸಬೇಕು. ಫೀಲ್ಡುಗಳ ಹೆಸರು ಪ್ರೋಟೋಕಾಲಿನಲ್ಲಿ ಕ್ಯಾಮೆಲ್ ಕೇಸ್, ರಸ್ಟ್‌ನಲ್ಲಿ ಸ್ನೇಕ್ ಕೇಸ್. 'ರೀನೇಮ್ ಆಲ್' ಆಟ್ರಿಬ್ಯೂಟ್ ಈ ಅಂತರವನ್ನು ತುಂಬುತ್ತದೆ.

ಸ್ಟ್ಯಾಂಡರ್ಡ್ ಔಟ್‌ಪುಟ್ ನಿಮ್ಮದಲ್ಲ

ಈ ಒಂದು ಸಂಗತಿಯನ್ನು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾನು ಕಂಡಂತೆ ಸರ್ವರುಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಸ್ಟ್ಯಾಂಡರ್ಡ್ ಔಟ್‌ಪುಟ್ ಪ್ರೋಟೋಕಾಲಿಗೆ ಸೇರಿದ್ದು. ಸರಿಯಾದ ಎಂಸಿಪಿ ಸಂದೇಶವಲ್ಲದ ಒಂದು ಅಕ್ಷರವೂ ಅಲ್ಲಿಗೆ ಹೋಗಕೂಡದು ಎಂದು ನಿಯಮವೇ ಇದೆ. ಲಾಗುಗಳೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು.

ಪ್ರಿಂಟ್‌ಲೈನ್ ಮ್ಯಾಕ್ರೊವನ್ನು ಬಳಸಬಾರದೆಂಬುದು ಎಲ್ಲರಿಗೂ ಬೇಗ ಹೊಳೆಯುತ್ತದೆ. ಅದರ ಬದಲು ಇ-ಪ್ರಿಂಟ್‌ಲೈನ್ ಬಳಸುತ್ತಾರೆ. ಡಿಬಿಜಿ ಮ್ಯಾಕ್ರೊ ಸ್ಟ್ಯಾಂಡರ್ಡ್ ಎರರ್‌ಗೇ ಬರೆಯುವುದರಿಂದ ಅದರಿಂದ ತೊಂದರೆಯಿಲ್ಲ. ಹೊಳೆಯದಿರುವ ದಾರಿಗಳು ಬೇರೆ ಇವೆ. ಲಾಗ್ ಬರೆಯಲು ಬಳಸುವ ಟ್ರೇಸಿಂಗ್-ಸಬ್‌ಸ್ಕ್ರೈಬರ್ ಕ್ರೇಟಿನ ಫಾರ್ಮ್ಯಾಟರ್ ನೀವು ಏನೂ ಹೇಳದಿದ್ದರೆ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಬರೆಯುತ್ತದೆ. 'ವಿತ್ ರೈಟರ್' ಮೂಲಕ ಅದನ್ನು ಸ್ಟ್ಯಾಂಡರ್ಡ್ ಎರರ್ ಕಡೆಗೆ ತಿರುಗಿಸಬೇಕು. ನನ್ನ ಮೊದಲ ಸರ್ವರಿನಲ್ಲಿ ಲಾಗಿಂಗ್ ಶಿಸ್ತಾಗಿರಲೆಂದು ಇದೇ ಕ್ರೇಟನ್ನು ಸೇರಿಸಿದ ದಿನವೇ ಕ್ಲೈಂಟ್ ಸಂಪರ್ಕ ಕಡಿದುಕೊಳ್ಳತೊಡಗಿತು, ಮತ್ತು ಕಾರಣ ಹುಡುಕಲು ನಾನು ಇನ್ನಷ್ಟು ಲಾಗ್ ಸಾಲುಗಳನ್ನು ಸೇರಿಸುತ್ತಾ ತೊಂದರೆಯನ್ನು ಹೆಚ್ಚಿಸುತ್ತಾ ಹೋದೆ.

ಇನ್ನೊಂದು ದಾರಿ ಚೈಲ್ಡ್ ಪ್ರೋಸೆಸ್‌ಗಳದು. ನಿಮ್ಮ ಟೂಲ್ ಇನ್ನೊಂದು ಪ್ರೋಗ್ರಾಮನ್ನು 'ಸ್ಪಾನ್' ಅಥವಾ 'ಸ್ಟೇಟಸ್' ಮೂಲಕ ಓಡಿಸಿದರೆ, ಅದು ನಿಮ್ಮ ಸರ್ವರಿನ ಮೂರು ಸ್ಟ್ರೀಮುಗಳನ್ನೂ ಹಾಗೆಯೇ ಪಡೆದುಕೊಳ್ಳುತ್ತದೆ. ಅದು ಬರೆದದ್ದು ಪ್ರೋಟೋಕಾಲಿನ ನಡುವೆ ಸೇರುತ್ತದೆ. ಅದಕ್ಕಿಂತ ಕೆಟ್ಟದ್ದು, ಅದು ಇನ್‌ಪುಟ್ ಓದಿದರೆ ನಿಮಗೆ ಬರಬೇಕಾಗಿದ್ದ ಸಂದೇಶವನ್ನೇ ನುಂಗುತ್ತದೆ. 'ಔಟ್‌ಪುಟ್' ಎಂಬ ಮೆಥಡನ್ನು ಬಳಸಿದರೆ ಔಟ್‌ಪುಟ್ ಎರಡನ್ನೂ ರಸ್ಟ್ ಹಿಡಿದುಕೊಳ್ಳುತ್ತದೆ, ಇನ್‌ಪುಟ್ಟನ್ನು ಚೈಲ್ಡಿಗೆ ಕೊಡುವುದಿಲ್ಲ. ಸ್ಪಾನ್ ಅನಿವಾರ್ಯವಾದಲ್ಲಿ ಮೂರನ್ನೂ ನೀವೇ ಸ್ಪಷ್ಟವಾಗಿ 'ನಲ್' ಅಥವಾ 'ಪೈಪ್ಡ್' ಎಂದು ನಿಗದಿ ಮಾಡಬೇಕು. ಸಿ ಭಾಷೆಯ ಲೈಬ್ರರಿಗಳನ್ನು ಜೋಡಿಸಿಕೊಂಡಿದ್ದರೆ ಅವುಗಳ ಒಳಗಿನ ಪ್ರಿಂಟ್‌ಎಫ್ ಕರೆಗಳೂ ಇದೇ ಕೆಲಸ ಮಾಡುತ್ತವೆ.

ಇದಕ್ಕೆ ಎರಡು ಕಾವಲುಗಳನ್ನು ಇಡಬಹುದು. ರಸ್ಟ್ ಕೋಡನ್ನು ತಪಾಸಣೆ ಮಾಡುವ ಸಾಧನವಾದ ಕ್ಲಿಪ್ಪಿಯಲ್ಲಿ 'ಪ್ರಿಂಟ್ ಸ್ಟ್ಯಾಂಡರ್ಡ್ ಔಟ್' ಎಂಬ ಅರ್ಥದ ಒಂದು ಲಿಂಟ್ (ತಪಾಸಣೆಯ ನಿಯಮ) ಇದೆ. ಅದನ್ನು ಕ್ರೇಟಿನ ಮೇಲ್ತುದಿಯಲ್ಲಿ 'ಡಿನೈ' ಮಾಡಿದರೆ ನಿಮ್ಮ ಕೋಡಿನೊಳಗಿನ ಪ್ರಿಂಟ್‌ಲೈನ್‌ಗಳನ್ನು ಕ್ಲಿಪ್ಪಿ ತಡೆಯುತ್ತದೆ. ಅವಲಂಬಿತ ಕ್ರೇಟುಗಳನ್ನು ಈ ಲಿಂಟ್ ನೋಡುವುದಿಲ್ಲವಾದ್ದರಿಂದ ಎರಡನೆಯ ಕಾವಲಾಗಿ ಒಂದು ಇಂಟಿಗ್ರೇಶನ್ ಟೆಸ್ಟ್ ಬರೆಯಬೇಕು: ಬೈನರಿಯನ್ನು ನಿಜವಾಗಿ ಓಡಿಸಿ, ಎಲ್ಲ ಟೂಲುಗಳನ್ನೂ ಒಮ್ಮೆ ಕರೆದು, ಹೊರಬಂದ ಪ್ರತಿಯೊಂದು ಸಾಲೂ ಜೇಸನ್ ಆಗಿ ಪಾರ್ಸ್ ಆಗುತ್ತದೆಯೇ ಎಂದು ಪರೀಕ್ಷಿಸುವುದು. ರಸ್ಟ್‌ನ ಬಿಲ್ಡ್ ಸಾಧನವಾದ ಕಾರ್ಗೊ ಇಂಟಿಗ್ರೇಶನ್ ಟೆಸ್ಟುಗಳಿಗೆ ಬೈನರಿಯ ದಾರಿಯನ್ನು (ಪಾಥ್) ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ತಾನೇ ಕೊಡುತ್ತದೆ, ಆದ್ದರಿಂದ ಈ ಟೆಸ್ಟ್ ಮೂವತ್ತು ಸಾಲು ಮೀರುವುದಿಲ್ಲ.

ಕೈಬರಹದಿಂದ ಲೈಬ್ರರಿಗೆ

ಕೈಯಿಂದ ಬರೆದ ಸರ್ವರ್ ಒಂದು ಸಾಲು ಓದುತ್ತದೆ, ಕೆಲಸ ಮುಗಿಸುತ್ತದೆ, ಉತ್ತರ ಬರೆಯುತ್ತದೆ, ಮತ್ತೆ ಓದುತ್ತದೆ. ಒಂದು ಟೂಲ್ ಇಪ್ಪತ್ತು ಸೆಕೆಂಡು ತೆಗೆದುಕೊಂಡರೆ ಆ ಇಪ್ಪತ್ತು ಸೆಕೆಂಡೂ ಅದು ಕಿವುಡಾಗಿರುತ್ತದೆ: ಪಿಂಗ್‌ಗೆ ಉತ್ತರವಿಲ್ಲ, ಬಳಕೆದಾರ ಕೆಲಸವನ್ನು ರದ್ದು ಮಾಡಿದರೆ ಬರುವ 'ಕ್ಯಾನ್ಸಲ್ಡ್' ನೋಟಿಫಿಕೇಶನ್ ಓದದೆ ಬಿದ್ದಿರುತ್ತದೆ. ಇಲ್ಲಿಂದ ಮುಂದೆ ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುವ ಟೋಕಿಯೊ ಎಂಬ ಅಸಿಂಕ್ ರನ್‌ಟೈಮ್ ಬೇಕಾಗುತ್ತದೆ. ಓದುವ ಲೂಪ್ ಓದುವುದನ್ನು ಮಾತ್ರ ಮಾಡಬೇಕು, ಪ್ರತಿ ಕೋರಿಕೆಗೆ ಒಂದು ಟಾಸ್ಕ್ ಹುಟ್ಟಿಸಬೇಕು, ಮತ್ತು ಎಲ್ಲ ಟಾಸ್ಕುಗಳ ಉತ್ತರಗಳು ಒಂದು ಚಾನೆಲ್ ಮೂಲಕ ಬರೆಯುವ ಒಂದೇ ಟಾಸ್ಕಿಗೆ ಸೇರಬೇಕು. ಬರೆಯುವವನು ಒಬ್ಬನೇ ಇದ್ದರೆ ಎರಡು ಉತ್ತರಗಳ ಬೈಟುಗಳು ಬೆರೆಯುವ ಭಯವಿಲ್ಲ. ಬರೆದ ಮೇಲೆ ಫ್ಲಶ್ ಮಾಡಲು ಮರೆಯಬಾರದು. ಬಫರಿನಲ್ಲಿ ಕುಳಿತ ಉತ್ತರಕ್ಕಾಗಿ ಕ್ಲೈಂಟ್ ಕಾಯುತ್ತಲೇ ಇರುತ್ತದೆ.

ಇಷ್ಟು ಅರ್ಥವಾದ ಮೇಲೆ ಎಂಸಿಪಿಯ ಅಧಿಕೃತ ರಸ್ಟ್ ಎಸ್‌ಡಿಕೆಯಾದ (ಸಿದ್ಧ ಲೈಬ್ರರಿ) ಆರ್‌ಎಂಸಿಪಿ ಕ್ರೇಟಿಗೆ ಹೋಗುವುದು ಒಳ್ಳೆಯದು. ಮೇಲೆ ಹೇಳಿದ ಲೂಪ್, ಆವೃತ್ತಿಯ ಒಪ್ಪಂದ, ಐಡಿಗಳ ಹೊಂದಾಣಿಕೆ ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ನೀವು ಒಂದು ಸ್ಟ್ರಕ್ಟ್ ಬರೆದು, ಅದರ ಮೆಥಡುಗಳಿಗೆ 'ಟೂಲ್' ಎಂಬ ಆಟ್ರಿಬ್ಯೂಟ್ ಹಚ್ಚಿ, 'ಸರ್ವರ್ ಹ್ಯಾಂಡ್ಲರ್' ಎಂಬ ಟ್ರೇಟನ್ನು ಅಳವಡಿಸಿ, ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಔಟ್‌ಪುಟ್‌ಗಳ ಮೇಲೆ 'ಸರ್ವ್' ಎಂದು ಕರೆದರೆ ಸರ್ವರ್ ಓಡುತ್ತದೆ. ಈ ಕ್ರೇಟ್ ಬೇಗ ಬದಲಾಗುತ್ತಾ ಬಂದಿದೆ; ಆದ್ದರಿಂದ ಕಾರ್ಗೊ ಕಡತದಲ್ಲಿ ಆವೃತ್ತಿಯನ್ನು ಸ್ಪಷ್ಟವಾಗಿ ಬರೆದು, ಲಾಕ್ ಕಡತವನ್ನೂ ರೆಪಾಸಿಟರಿಗೆ ಸೇರಿಸಿ, ಯಾವುದೇ ಉದಾಹರಣೆಯನ್ನು ನಕಲು ಮಾಡುವ ಮೊದಲು ಅದು ನಿಮ್ಮ ಆವೃತ್ತಿಗೆ ಸೇರಿದ್ದೇ ಎಂದು ನೋಡಿ.

ಟೋಕಿಯೊ ಬಳಸುವಾಗ ಒಂದು ಎಚ್ಚರಿಕೆ: ಸಾವಿರಾರು ಕಡತಗಳಲ್ಲಿ ಪದ ಹುಡುಕುವಂಥ ಬ್ಲಾಕಿಂಗ್ ಕೆಲಸವನ್ನು ನೇರವಾಗಿ ಅಸಿಂಕ್ ಫಂಕ್ಷನ್ ಒಳಗೆ ಮಾಡಿದರೆ ರನ್‌ಟೈಮಿನ ಒಂದು ಥ್ರೆಡ್ ಕಟ್ಟಿಹೋಗುತ್ತದೆ. ಅದನ್ನು 'ಸ್ಪಾನ್ ಬ್ಲಾಕಿಂಗ್' ಒಳಗೆ ಇಡಬೇಕು. ಆದರೆ ಹಾಗೆ ಒಮ್ಮೆ ಆರಂಭವಾದ ಕೆಲಸವನ್ನು ಹೊರಗಿನಿಂದ ನಿಲ್ಲಿಸಲಾಗದು. ಟೈಮ್‌ಔಟ್ ಹಾಕಿದರೂ ಕಾಯುವವನು ಹೊರಟುಹೋಗುತ್ತಾನೆ, ಕೆಲಸ ಮಾತ್ರ ಹಿಂದೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಒಂದು ಆಟಾಮಿಕ್ ಬೂಲಿಯನ್ನನ್ನು ಒಳಗೆ ಕೊಟ್ಟು, ಪ್ರತಿ ಕಡತ ತೆರೆಯುವ ಮೊದಲು ಅದನ್ನು ನೋಡಿ ನಿಲ್ಲುವಂತೆ ಬರೆಯಬೇಕು. ಚೈಲ್ಡ್ ಪ್ರೋಸೆಸ್ ಆದರೆ ಟೋಕಿಯೊದ ಕಮಾಂಡಿನಲ್ಲಿ 'ಕಿಲ್ ಆನ್ ಡ್ರಾಪ್' ಅನ್ನು ಸರಿಯೆಂದು ಇಡಬೇಕು, ಇಲ್ಲವಾದರೆ ರದ್ದಾದ ಕರೆಗಳ ಪ್ರೋಸೆಸುಗಳು ಯಂತ್ರದಲ್ಲಿ ಉಳಿದುಬಿಡುತ್ತವೆ.

ಸ್ಕೀಮಾ ಎಂದರೆ ಮಾದರಿಗೆ ಬರೆದ ಪತ್ರ

ನಿಮ್ಮ ಕೋಡನ್ನು ಮಾದರಿ ನೋಡುವುದಿಲ್ಲ. ಟೂಲಿನ ಹೆಸರು, ವಿವರಣೆ, ಫೀಲ್ಡುಗಳ ಹೆಸರು ಮತ್ತು ಅವುಗಳ ವಿವರಣೆ ಇಷ್ಟೇ ಅದಕ್ಕೆ ಕಾಣುವುದು. ಸ್ಕೀಮಾರ್ಸ್ ಎಂಬ ಕ್ರೇಟ್ ನಿಮ್ಮ ಸ್ಟ್ರಕ್ಟಿನಿಂದ ಜೇಸನ್ ಸ್ಕೀಮಾ ತಯಾರಿಸುವಾಗ, ಫೀಲ್ಡಿನ ಮೇಲೆ ಮೂರು ಓರೆಗೆರೆಗಳಿಂದ ಬರೆದ ಡಾಕ್ ಕಾಮೆಂಟನ್ನು ಆ ಫೀಲ್ಡಿನ ವಿವರಣೆಯಾಗಿ ಸೇರಿಸುತ್ತದೆ. ಎಂದರೆ ಇಲ್ಲಿ ಕಾಮೆಂಟ್ ಬರೆಯುವುದು ಪ್ರೋಗ್ರಾಮಿನ ವರ್ತನೆಯನ್ನೇ ಬದಲಿಸುತ್ತದೆ. ಅದನ್ನು ಸಹೋದ್ಯೋಗಿಗಾಗಿ ಬರೆಯುವ ಟಿಪ್ಪಣಿಯಂತಲ್ಲದೆ, ನಿಮ್ಮ ವ್ಯವಸ್ಥೆಯನ್ನು ಎಂದೂ ನೋಡಿರದವರಿಗೆ ಕೊಡುವ ಸೂಚನೆಯಂತೆ ಬರೆಯಬೇಕು. 'ಹುಡುಕುವ ಪದ' ಎಂದಷ್ಟೇ ಬರೆಯುವುದಕ್ಕಿಂತ 'ಹುಡುಕಬೇಕಾದ ಪಠ್ಯ. ರೆಗ್ಯುಲರ್ ಎಕ್ಸ್‌ಪ್ರೆಷನ್ ಅಲ್ಲ. ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ ಗಣನೆಗೆ ಬರುವುದಿಲ್ಲ' ಎಂದು ಬರೆದರೆ ತಪ್ಪು ಕರೆಗಳು ಕಡಿಮೆಯಾಗುತ್ತವೆ. ಟೂಲನ್ನು ಯಾವಾಗ ಬಳಸಬಾರದು ಎಂಬುದನ್ನೂ ವಿವರಣೆಯಲ್ಲಿ ಒಂದು ವಾಕ್ಯದಲ್ಲಿ ಹೇಳುವುದು ಒಳ್ಳೆಯದು.

ರಸ್ಟ್‌ನ ಟೈಪುಗಳನ್ನು ಇಲ್ಲಿ ಧಾರಾಳವಾಗಿ ಬಳಸಿ. ವಿಂಗಡಣೆಯ ಕ್ರಮ 'ದಿನಾಂಕ' ಅಥವಾ 'ಹೆಸರು' ಮಾತ್ರ ಆಗಬಹುದಾದರೆ ಅದು ಸ್ಟ್ರಿಂಗ್ ಆಗಿರಬಾರದು, ಈನಮ್ ಆಗಿರಬೇಕು. ಆಗ ಸ್ಕೀಮಾದಲ್ಲಿ ಆ ಎರಡೇ ಆಯ್ಕೆಗಳು ಕಾಣುತ್ತವೆ. ಬಿಡಬಹುದಾದ ಫೀಲ್ಡುಗಳನ್ನು ಆಪ್ಷನ್ ಮಾಡಿ, ಬಿಟ್ಟರೆ ಏನಾಗುತ್ತದೆ ಎಂದು ವಿವರಣೆಯಲ್ಲಿ ಹೇಳಿ. 'ಡಿನೈ ಅನ್‌ನೋನ್ ಫೀಲ್ಡ್ಸ್' ಎಂಬ ಸರ್ಡಿ ಆಟ್ರಿಬ್ಯೂಟನ್ನು ನಾನು ಯಾವಾಗಲೂ ಹಚ್ಚುತ್ತೇನೆ, ಏಕೆಂದರೆ ಮಾದರಿ ಫೀಲ್ಡಿನ ಹೆಸರನ್ನು ಊಹಿಸಿ ತಪ್ಪಾಗಿ ಬರೆದಾಗ, ಅದು ಸದ್ದಿಲ್ಲದೆ ಮಾಯವಾಗುವುದಕ್ಕಿಂತ 'ಇಂಥ ಫೀಲ್ಡ್ ಇಲ್ಲ, ಇರುವುದು ಇವು' ಎಂಬ ಸರ್ಡಿಯ ಸಂದೇಶ ಸಿಗುವುದು ಉತ್ತಮ. ದೊಡ್ಡ ಐಡಿ ಸಂಖ್ಯೆಗಳನ್ನು ಸ್ಟ್ರಿಂಗ್ ಆಗಿ ಕಳುಹಿಸಿ: 9007199254740992 ದಾಟಿದ ಪೂರ್ಣಾಂಕಗಳು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಕ್ಲೈಂಟಿನೊಳಗೆ ನಿಖರತೆ ಕಳೆದುಕೊಳ್ಳಬಹುದು, ಮತ್ತು ನಿಮ್ಮ 64 ಬಿಟ್ಟಿನ ಟೈಪ್ ಇದರಿಂದ ಕಾಪಾಡುವುದಿಲ್ಲ.

ಪ್ರತಿ ಟೂಲಿಗೂ ಕೆಲವು ಸೂಚಕಗಳನ್ನು ಸೇರಿಸಬಹುದು. ಟೂಲ್ ಓದುವುದನ್ನು ಮಾತ್ರ ಮಾಡುತ್ತದೆಯೇ, ಏನನ್ನಾದರೂ ನಾಶ ಮಾಡಬಲ್ಲುದೇ ಎಂಬುದನ್ನು ಅವು ಹೇಳುತ್ತವೆ. ಏನೂ ಹೇಳದಿದ್ದರೆ 'ಓದುವುದಷ್ಟೇ' ಎಂಬುದು ಇಲ್ಲ ಎಂದೂ, 'ನಾಶಕ' ಎಂಬುದು ಹೌದು ಎಂದೂ ಪ್ರೋಟೋಕಾಲ್ ಎಣಿಸುತ್ತದೆ. ನಮ್ಮ ಎರಡೂ ಟೂಲುಗಳು ಓದುವವೇ ಆದ್ದರಿಂದ ಅದನ್ನು ಸ್ಪಷ್ಟವಾಗಿ ಬರೆದರೆ ಕ್ಲೈಂಟ್ ಬಳಕೆದಾರರನ್ನು ಪದೇ ಪದೇ ಅನುಮತಿ ಕೇಳುವುದು ತಪ್ಪಬಹುದು. ಇವು ಸೂಚನೆಗಳಷ್ಟೇ, ಭದ್ರತೆಯ ಬೇಲಿಯಲ್ಲ.

ತಪ್ಪನ್ನು ಯಾರಿಗೆ ಹೇಳುತ್ತಿದ್ದೀರಿ

ಪ್ರೋಟೋಕಾಲಿನಲ್ಲಿ ತಪ್ಪು ಹೇಳಲು ಎರಡು ದಾರಿಗಳಿವೆ. ಜೇಸನ್-ಆರ್‌ಪಿಸಿಯ ತಪ್ಪು ಒಂದು: ಇದು ಕ್ಲೈಂಟ್ ಪ್ರೋಗ್ರಾಮಿಗೆ ಹೇಳುವ ಮಾತು, ಮಾದರಿಯ ಕಣ್ಣಿಗೆ ಬೀಳದೆಯೂ ಹೋಗಬಹುದು. ಇನ್ನೊಂದು, ಟೂಲಿನ ಸಾಮಾನ್ಯ ಫಲಿತಾಂಶವನ್ನೇ 'ಈಸ್ ಎರರ್' ಎಂಬ ಗುರುತಿನೊಡನೆ ಕಳುಹಿಸುವುದು: ಇದು ಮಾದರಿಗೆ ಹೇಳುವ ಮಾತು, ಅದು ಓದಿ ತನ್ನನ್ನು ತಿದ್ದಿಕೊಳ್ಳಬಲ್ಲುದು. ಅಂಥ ಹೆಸರಿನ ಟೂಲೇ ಇಲ್ಲದಿದ್ದರೆ ಮೊದಲನೆಯದು. ಕಡತ ಸಿಗಲಿಲ್ಲ, ಮಿತಿ ಮೀರಿತು, ನೆಟ್‌ವರ್ಕ್ ಉತ್ತರಿಸಲಿಲ್ಲ ಎಂಬುವೆಲ್ಲ ಎರಡನೆಯದು. ಆರ್ಗ್ಯುಮೆಂಟ್ ತಪ್ಪಾಗಿದ್ದಾಗ ಏನು ಮಾಡಬೇಕೆಂಬ ಗೊಂದಲ ಬಹಳ ಕಾಲ ಇತ್ತು. 2025-11-25ರ ಆವೃತ್ತಿ ಅದನ್ನೂ ಟೂಲಿನ ಫಲಿತಾಂಶವಾಗಿಯೇ ಹೇಳಬೇಕೆಂದು ಸ್ಪಷ್ಟಪಡಿಸಿದೆ.

ರಸ್ಟ್ ಬರೆಯುವವರ ಕೈ ಪ್ರಶ್ನೆಚಿಹ್ನೆಯ ಆಪರೇಟರಿಗೆ ಎಷ್ಟು ಒಗ್ಗಿರುತ್ತದೆಂದರೆ, ಎಲ್ಲ ತಪ್ಪುಗಳೂ ಅದರ ಮೂಲಕ ಮೇಲೇರಿ 'ಸರ್ವರಿನ ಒಳಗಿನ ತಪ್ಪು' ಎಂಬ ಅರ್ಥದ ಜೇಸನ್-ಆರ್‌ಪಿಸಿಯ -32603 ಆಗಿ ಹೊರಬೀಳುತ್ತವೆ. ಇದನ್ನು ತಡೆಯಲು ನಿಮ್ಮ ತಪ್ಪುಗಳಿಗೆ ಒಂದು ಈನಮ್ ಮಾಡಿ, ಅದನ್ನು ಟೂಲಿನ ಫಲಿತಾಂಶವಾಗಿ ಪರಿವರ್ತಿಸುವ ಕೋಡನ್ನು ಒಂದೇ ಜಾಗದಲ್ಲಿ ಬರೆಯಿರಿ. ಸಂದೇಶದಲ್ಲಿ ಮುಂದೆ ಏನು ಮಾಡಬಹುದು ಎಂಬುದೂ ಇರಲಿ. 'ಕಡತ ಸಿಗಲಿಲ್ಲ' ಎನ್ನುವುದಕ್ಕಿಂತ 'ಈ ಐಡಿಯ ಟಿಪ್ಪಣಿ ಇಲ್ಲ. ಹುಡುಕುವ ಟೂಲು ಕೊಟ್ಟ ಐಡಿಯನ್ನೇ ಬಳಸಿ' ಎನ್ನುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಸರ್ವರಿನ ಒಳಗಿನ ಪೂರ್ಣ ದಾರಿಗಳನ್ನಾಗಲಿ ರಹಸ್ಯ ಕೀಲಿಗಳನ್ನಾಗಲಿ ಸಂದೇಶದಲ್ಲಿ ಹಾಕಬಾರದು. ಅವು ಲಾಗಿಗೆ ಸೇರಿದವು, ಕೀಲಿಗಳು ಅಲ್ಲಿಗೂ ಬೇಡ.

ಅನ್‌ವ್ರ್ಯಾಪ್‌ನಿಂದ ಪ್ಯಾನಿಕ್ ಆದರೆ ಟೋಕಿಯೊದ ಟಾಸ್ಕ್ ಮಾತ್ರ ಸಾಯುತ್ತದೆ, ಸರ್ವರ್ ಉಳಿಯುತ್ತದೆ. ಬೈನರಿ ಚಿಕ್ಕದಾಗಲೆಂದು ರಿಲೀಸ್ ಪ್ರೊಫೈಲಿನಲ್ಲಿ ಪ್ಯಾನಿಕ್ಕಿಗೆ 'ಅಬಾರ್ಟ್' ಎಂದು ಬರೆದಿದ್ದರೆ ಇಡೀ ಪ್ರೋಸೆಸ್ ಹೋಗುತ್ತದೆ. ಟೂಲ್ ಸರ್ವರಿನಲ್ಲಿ ಆ ಉಳಿತಾಯ ಬೇಡ.

ದಾರಿಗಳು, ಕಮಾಂಡುಗಳು, ಪಠ್ಯದ ಉದ್ದ

ಒಳಬರುವ ಆರ್ಗ್ಯುಮೆಂಟುಗಳನ್ನು ಮಾದರಿ ಬರೆದಿರುತ್ತದೆ, ಮತ್ತು ಮಾದರಿ ಈಗಷ್ಟೇ ಓದಿದ ಯಾವುದೋ ಪಠ್ಯ ಅದನ್ನು ಬರೆಯಿಸಿರಬಹುದು. ಟಿಪ್ಪಣಿಯೊಂದರಲ್ಲಿ ಯಾರೋ ಅಡಗಿಸಿಟ್ಟ ಸೂಚನೆಯನ್ನು ಮಾದರಿ ಪಾಲಿಸುವ ಸಾಧ್ಯತೆ ಇದ್ದೇ ಇದೆ. ಮೆಮೊರಿಯ ಸುರಕ್ಷತೆಯ ವಿಷಯದಲ್ಲಿ ರಸ್ಟ್ ಕೊಡುವ ಭರವಸೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಕಡತದ ದಾರಿಯನ್ನು ನೋಡಿ. ಮೂಲ ಫೋಲ್ಡರಿಗೆ ಬಂದ ಹೆಸರನ್ನು 'ಜಾಯ್ನ್' ಮಾಡಿದರೆ ಸುರಕ್ಷಿತ ಎಂದು ತೋರುತ್ತದೆ. ಆದರೆ ಬಂದ ಹೆಸರು ಓರೆಗೆರೆಯಿಂದ ಆರಂಭವಾಗುವ ಪೂರ್ಣ ದಾರಿಯಾಗಿದ್ದರೆ, ಜಾಯ್ನ್ ಮೂಲ ಫೋಲ್ಡರನ್ನು ಪೂರ್ತಿಯಾಗಿ ಬಿಟ್ಟು ಆ ದಾರಿಯನ್ನೇ ಕೊಡುತ್ತದೆ. ಎರಡು ಚುಕ್ಕಿಗಳ ಮೂಲಕ ಮೇಲಕ್ಕೆ ಹೋಗುವುದೂ, ಸಿಂಬಾಲಿಕ್ ಲಿಂಕುಗಳ ಮೂಲಕ ಹೊರಗೆ ಹೋಗುವುದೂ ಇದೆ. ಆದ್ದರಿಂದ ಎರಡೂ ದಾರಿಗಳನ್ನು 'ಕ್ಯಾನನಿಕಲೈಸ್' ಮಾಡಿ (ಚುಕ್ಕಿ, ಲಿಂಕುಗಳನ್ನು ಬಿಡಿಸಿ ನಿಜವಾದ ಪೂರ್ಣ ದಾರಿಯಾಗಿಸಿ), ಅನಂತರ ಕಡತದ ದಾರಿ ಮೂಲ ಫೋಲ್ಡರಿನ ದಾರಿಯಿಂದ ಆರಂಭವಾಗುತ್ತದೆಯೇ ಎಂದು ಪಾಥ್ ಟೈಪಿನ 'ಸ್ಟಾರ್ಟ್ಸ್ ವಿತ್' ಮೂಲಕ ನೋಡಬೇಕು. ಅದೇ ಹೆಸರಿನ ಸ್ಟ್ರಿಂಗ್ ಮೆಥಡನ್ನು ಬಳಸಿದರೆ 'ನೋಟ್ಸ್' ಎಂಬ ಫೋಲ್ಡರಿಗೆ ಕೊಟ್ಟ ಅನುಮತಿ 'ನೋಟ್ಸ್-ಖಾಸಗಿ' ಎಂಬ ಪಕ್ಕದ ಫೋಲ್ಡರಿಗೂ ಅನ್ವಯವಾಗುತ್ತದೆ. ಪಾಥ್ ಟೈಪಿನದು ಪೂರ್ಣ ತುಂಡುಗಳನ್ನು ಹೋಲಿಸುತ್ತದೆ. ಸಿಕ್ಕಿದ್ದು ಸಾಮಾನ್ಯ ಕಡತವೇ ಎಂದೂ ಪರೀಕ್ಷಿಸಿ, ಏಕೆಂದರೆ ಹೆಸರಿಟ್ಟ ಪೈಪ್ ತೆರೆದರೆ ಓದು ಎಂದಿಗೂ ಮುಗಿಯದಿರಬಹುದು. ಇವೆಲ್ಲಕ್ಕಿಂತ ನನಗೆ ಇಷ್ಟವಾದ ಉಪಾಯ ಬೇರೆ: ಹುಡುಕುವ ಟೂಲು ದಾರಿಯ ಬದಲು ತಾನೇ ಕೊಟ್ಟ ಚಿಕ್ಕ ಐಡಿಗಳನ್ನು ಹಿಂದಿರುಗಿಸಬೇಕು, ಓದುವ ಟೂಲು ಆ ಐಡಿಗಳನ್ನು ಮಾತ್ರ ಸ್ವೀಕರಿಸಬೇಕು. ದಾರಿಯನ್ನೇ ಸ್ವೀಕರಿಸದಿದ್ದರೆ ಬಂದ ದಾರಿಯನ್ನು ಶೋಧಿಸುವ ಪ್ರಮೇಯವೇ ಇಲ್ಲ.

ಕಮಾಂಡ್ ಓಡಿಸುವಾಗ ರಸ್ಟ್ ನಡುವೆ ಶೆಲ್ ತರುವುದಿಲ್ಲ, ಆರ್ಗ್ಯುಮೆಂಟುಗಳು ಬಿಡಿಬಿಡಿಯಾಗಿ ಹೋಗುತ್ತವೆ. ಇದು ದೊಡ್ಡ ಅನುಕೂಲ. ಹಾಗಿದ್ದೂ ಅಡ್ಡಗೆರೆಯಿಂದ ಆರಂಭವಾಗುವ ಹೆಸರನ್ನು ಆ ಪ್ರೋಗ್ರಾಮ್ ಆಯ್ಕೆಯೆಂದು ತಿಳಿಯಬಹುದು. ಬಳಕೆದಾರನ ಪಠ್ಯಕ್ಕೆ ಮೊದಲು ಎರಡು ಅಡ್ಡಗೆರೆಗಳ ಆರ್ಗ್ಯುಮೆಂಟನ್ನು ಇಡುವುದು ಇದಕ್ಕಾಗಿಯೇ. ಓದುವ ಟೂಲು ಮತ್ತು ಹೊರಜಗತ್ತಿಗೆ ಡೇಟಾ ಕಳುಹಿಸುವ ಟೂಲು ಇವೆರಡನ್ನು ಒಂದೇ ಸರ್ವರಿನಲ್ಲಿ ಇಡದಿರುವುದು ಒಳ್ಳೆಯದು, ಏಕೆಂದರೆ ಅಡಗಿಸಿಟ್ಟ ಸೂಚನೆಯೊಂದು ಓದಿದ್ದನ್ನು ಹೊರಗೆ ಕಳುಹಿಸುವಂತೆ ಮಾದರಿಯಿಂದ ಮಾಡಿಸಬಹುದು.

ಫಲಿತಾಂಶದ ಉದ್ದಕ್ಕೆ ಮಿತಿ ಬೇಕೇ ಬೇಕು, ಏಕೆಂದರೆ ನೀವು ಕಳುಹಿಸಿದ ಪ್ರತಿ ಅಕ್ಷರವೂ ಮಾದರಿಯ ಕಾಂಟೆಕ್ಸ್ಟಿನಲ್ಲಿ (ಅದು ಒಮ್ಮೆಗೆ ಗಮನದಲ್ಲಿಡಬಲ್ಲ ಸೀಮಿತ ಪಠ್ಯದಲ್ಲಿ) ಜಾಗ ಹಿಡಿಯುತ್ತದೆ. ಕತ್ತರಿಸುವಲ್ಲಿ ರಸ್ಟ್‌ನದೇ ಒಂದು ಬಲೆಯಿದೆ. ಸ್ಟ್ರಿಂಗಿನ ಸ್ಲೈಸ್ ಬೈಟುಗಳ ಲೆಕ್ಕದಲ್ಲಿ ನಡೆಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ (ಯುನಿಕೋಡಿನ ಒಂದು ಸಂಕೇತಕ್ಕೆ) 3 ಬೈಟುಗಳು, ಮೂರು ಕೋಡ್ ಪಾಯಿಂಟುಗಳಿಂದಾದ 'ಕ್ಷ' ಎಂಬ ಒಂದು ಅಕ್ಷರಕ್ಕೆ 9. ಮೊದಲ 4000 ಬೈಟುಗಳನ್ನು ತೆಗೆದುಕೊ ಎಂದು ಬರೆದ ಸಾಲು ಇಂಗ್ಲಿಷ್ ಪಠ್ಯದಲ್ಲಿ ವರ್ಷಗಟ್ಟಲೆ ಓಡಿ, ಮೊದಲ ಕನ್ನಡ ಕಡತ ಬಂದಾಗ ಪ್ಯಾನಿಕ್ ಆಗಬಹುದು, ಏಕೆಂದರೆ ಕಡಿತ ಕೋಡ್ ಪಾಯಿಂಟಿನ ನಡುವೆ ಬೀಳುವ ಸಾಧ್ಯತೆ ಹೆಚ್ಚು. 'ಈಸ್ ಚಾರ್ ಬೌಂಡರಿ' ನೋಡಿ ಹಿಂದೆ ಸರಿದರೆ ಪ್ಯಾನಿಕ್ ತಪ್ಪುತ್ತದೆ, ಆದರೆ ಒತ್ತಕ್ಷರ ಅರ್ಧಕ್ಕೆ ತುಂಡಾಗಬಹುದು. ಸಾಲಿನ ಕೊನೆಯಲ್ಲಿ ಕತ್ತರಿಸುವುದು ಎಲ್ಲಕ್ಕಿಂತ ಸರಳ ಮತ್ತು ಸರಿ. ಕತ್ತರಿಸಿದ್ದನ್ನು ಮುಚ್ಚಿಡಬೇಡಿ: 'ಒಟ್ಟು 412 ಸಾಲುಗಳಲ್ಲಿ 1ರಿಂದ 200 ಇಲ್ಲಿವೆ, ಮುಂದಿನದಕ್ಕೆ ಆರಂಭದ ಸಾಲು 201 ಎಂದು ಕೊಡಿ' ಎಂದು ಕೊನೆಯಲ್ಲಿ ಬರೆದರೆ ಮಾದರಿ ಮುಂದುವರಿಯುತ್ತದೆ. ಇಲ್ಲವಾದರೆ ಅರ್ಧ ಕಡತವನ್ನೇ ಪೂರ್ಣವೆಂದು ನಂಬಿ ಉತ್ತರ ಕೊಡುತ್ತದೆ.

ಓಡಿಸಿ ನೋಡುವುದು

ಟೂಲಿನ ನಿಜವಾದ ಕೆಲಸವನ್ನು ಪ್ರೋಟೋಕಾಲಿನ ಸುದ್ದಿಯೇ ಇಲ್ಲದ ಸಾಮಾನ್ಯ ಫಂಕ್ಷನುಗಳಲ್ಲಿ ಇಡಿ; ಅವುಗಳಿಗೆ ಯೂನಿಟ್ ಟೆಸ್ಟ್ ಬರೆಯುವುದು ಸುಲಭ. ಸರ್ವರನ್ನು ಕೈಯಾರೆ ಪರೀಕ್ಷಿಸಲು ಎಂಸಿಪಿ ಇನ್‌ಸ್ಪೆಕ್ಟರ್ ಎಂಬ ಅಧಿಕೃತ ಸಾಧನವಿದೆ. ನೋಡ್.ಜೆಎಸ್ ಇರುವ ಯಂತ್ರದಲ್ಲಿ ಅದು ಬ್ರೌಸರಿನಲ್ಲಿ ತೆರೆದು ನಿಮ್ಮ ಟೂಲುಗಳ ಪಟ್ಟಿ, ಸ್ಕೀಮಾ, ಕರೆಗಳ ಫಲಿತಾಂಶ ಎಲ್ಲವನ್ನೂ ತೋರಿಸುತ್ತದೆ. ಇನ್‌ಸ್ಪೆಕ್ಟರಿನಲ್ಲಿ ಸರಿಯಾಗಿ ಓಡಿದ ಸರ್ವರ್ ಅಸಿಸ್ಟೆಂಟ್ ಒಳಗೆ ಏಳದಿದ್ದರೆ ಮೊದಲು ದಾರಿಯನ್ನು ಅನುಮಾನಿಸಿ: ಕ್ಲೈಂಟ್ ನಿಮ್ಮ ಪ್ರೋಗ್ರಾಮನ್ನು ಯಾವ ಫೋಲ್ಡರಿನಿಂದ, ಯಾವ ಎನ್ವಿರಾನ್‌ಮೆಂಟಿನೊಡನೆ ಆರಂಭಿಸುತ್ತದೆ ಎಂಬುದು ನಿಮ್ಮ ಟರ್ಮಿನಲ್ಲಿನಂತೆ ಇರುವುದಿಲ್ಲ. ಬೈನರಿಗೂ ಟಿಪ್ಪಣಿಗಳ ಫೋಲ್ಡರಿಗೂ ಪೂರ್ಣ ದಾರಿಯನ್ನೇ ಕೊಡಿ. ಕೊಡುವುದು ರಿಲೀಸ್ ಬೈನರಿಯಾಗಿರಲಿ, ಕಾರ್ಗೊ ರನ್ ಆಗಿರಬಾರದು. ಕಂಪೈಲ್ ಆಗುವವರೆಗೆ ಕಾಯದೆ ಕ್ಲೈಂಟ್ ಕೈಬಿಟ್ಟುಬಿಡಬಹುದು. ಲಿನಕ್ಸ್‌ನ ಬೇರೆ ಬೇರೆ ಯಂತ್ರಗಳಿಗೆ ಹಂಚುವುದಾದರೆ ಮಸಲ್ (ಬೈನರಿಯೊಳಗೇ ಸೇರಿಸಿಕೊಳ್ಳಬಹುದಾದ ಸಿ ಲೈಬ್ರರಿ) ಟಾರ್ಗೆಟ್ಟಿಗೆ ಕಟ್ಟಿದ ಬೈನರಿ ಹೊರಗಿನ ಸಿ ಲೈಬ್ರರಿಯನ್ನು ಬೇಡುವುದಿಲ್ಲ. ಸರ್ವರ್ ಮುಗಿಯುವ ಬಗೆಯನ್ನೂ ಪರೀಕ್ಷಿಸಿ: ಕ್ಲೈಂಟ್ ಸ್ಟ್ಯಾಂಡರ್ಡ್ ಇನ್‌ಪುಟ್ ಮುಚ್ಚಿದಾಗ ಪ್ರೋಸೆಸ್ ತಾನೇ ಹೊರಟುಹೋಗಬೇಕು.

ಸರ್ವರನ್ನು ನೆಟ್‌ವರ್ಕಿನ ಮೇಲೆ ಇಡುವುದು ಬೇರೆಯೇ ಕೆಲಸ. 2025-03-26ರ ಆವೃತ್ತಿಯಿಂದ ಅದಕ್ಕಾಗಿ ಸ್ಟ್ರೀಮಬಲ್ ಎಚ್‌ಟಿಟಿಪಿ ಎಂಬ ಸಾಗಣೆ ಇದೆ. ಸ್ಥಳೀಯವಾಗಿ ಅದನ್ನು ಓಡಿಸುವುದಾದರೆ 127.0.0.1ಕ್ಕೆ (ಅದೇ ಯಂತ್ರದ ಒಳವಿಳಾಸ) ಮಾತ್ರ ಬೈಂಡ್ ಮಾಡಿ, ಪ್ರತಿ ಕೋರಿಕೆಯ 'ಒರಿಜಿನ್' ಹೆಡರನ್ನು ಪರೀಕ್ಷಿಸಿ. ಇಲ್ಲವಾದರೆ ಬ್ರೌಸರಿನಲ್ಲಿ ತೆರೆದ ಯಾವುದೋ ಪುಟ ಡಿಎನ್‌ಎಸ್ ರಿಬೈಂಡಿಂಗ್ (ಜಾಲತಾಣದ ಹೆಸರನ್ನು ನಿಮ್ಮ ಯಂತ್ರದ ವಿಳಾಸಕ್ಕೆ ತಿರುಗಿಸುವ ತಂತ್ರ) ಮೂಲಕ ನಿಮ್ಮ ಸರ್ವರನ್ನು ಮಾತನಾಡಿಸಬಹುದು. ಸ್ಟ್ಯಾಂಡರ್ಡ್ ಇನ್‌ಪುಟ್ ಸಾಕಾಗುವ ತನಕ ಇದರ ಕಡೆಗೆ ಹೋಗಬೇಡಿ.

ಅಸಿಸ್ಟೆಂಟಿನೊಡನೆ ಸರ್ವರ್ ಓಡತೊಡಗಿದ ಮೊದಲ ವಾರ ಸ್ಟ್ಯಾಂಡರ್ಡ್ ಎರರ್‌ನ ಲಾಗನ್ನು ದಿನವೂ ಓದಿ. ಪ್ರತಿ ಕರೆಯ ಟೂಲಿನ ಹೆಸರು, ಆರ್ಗ್ಯುಮೆಂಟುಗಳು, ತೆಗೆದುಕೊಂಡ ಸಮಯ, ಫಲಿತಾಂಶದ ಉದ್ದ ಇಷ್ಟು ಅದರಲ್ಲಿರಲಿ. ಮಾದರಿ ಒಂದೇ ಪದವನ್ನು ಐದು ರೂಪದಲ್ಲಿ ಹುಡುಕುತ್ತಿದ್ದರೆ ಹುಡುಕಾಟದ ನಿಯಮ ಅದಕ್ಕೆ ತಿಳಿದಿಲ್ಲವೆಂದು ಅರ್ಥ, ವಿವರಣೆಯನ್ನು ತಿದ್ದಿ. ಎಂದೂ ಬಳಸದ ಫೀಲ್ಡ್ ಇದ್ದರೆ ತೆಗೆದುಹಾಕಿ. ಎರಡು ಟೂಲುಗಳನ್ನು ಯಾವಾಗಲೂ ಒಂದರ ಹಿಂದೆ ಒಂದರಂತೆ ಕರೆಯುತ್ತಿದ್ದರೆ, ಹುಡುಕಿದಾಗಲೇ ಸಿಕ್ಕಿದ ಸಾಲಿನ ಸುತ್ತಲಿನ ನಾಲ್ಕೈದು ಸಾಲುಗಳನ್ನೂ ಕೊಡುವಂತೆ ಮಾಡಿ, ಮರುದಿನದ ಲಾಗಿನಲ್ಲಿ ಎರಡನೆಯ ಕರೆ ಕಡಿಮೆಯಾಗಿದೆಯೇ ಎಂದು ನೋಡಿ.